ಮೂರು ಚೀಲ ಭತ್ತದ ಕಾರು

ಮಸ್ಕಿಯಲ್ಲಿ ಸಿಂಧನೂರು ರಸ್ತೆಗೆ ಹೊರಳುವ ಕಡೆ ಒಂದು ಬೇವಿನ ಗಿಡ ಇತ್ತು. ಅದರ ಕೆಳಗೆ ಜಿಲಾನಿಸಾಬನ ಕುಲುಮೆ. ಗಾಡಿಗಳ ಹೊಟ್ಟೆಯ ಕೆಳಗೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಅದಕ್ಕೆ ನಮ್ಮ ಕಡೆ ಕಮಾನು ಎನ್ನುತ್ತಾರೆ. ಅದರ ಒಂದೊಂದು ಪಟ್ಟಿಯೂ ಒಂದೊಂದು ಪಾಟಾ. ಮುರಿದ ಪಾಟಾ ಬದಲಿಸುವುದು, ಸೋತು ಚಪ್ಪಟೆಯಾದದ್ದನ್ನು ಕೆಂಪಗೆ ಕಾಸಿ ಬಡಿದು ಮತ್ತೆ ಬಗ್ಗಿಸುವುದು, ಇದು ಅವನ ಕಸುಬು. ಬರುತ್ತಿದ್ದದ್ದೆಲ್ಲ ಟ್ರ್ಯಾಕ್ಟರಿನ ಟ್ರ್ಯಾಲಿಗಳು, ಅಪರೂಪಕ್ಕೊಂದು ಲಾರಿ. ಊರಿನ ಜನ ಅವನಿಗೆ ಟ್ರ್ಯಾಲಿ ಜಿಲಾನಿ ಎಂದು ಹೆಸರಿಟ್ಟಿದ್ದರು.

ನಾನು ಯಂಕೋಬ. ಆಗ ಮಸ್ಕಿ ಲಿಂಗಸುಗೂರುಗಳ ನಡುವೆ ಮೆಟಡೋರ್ ಹೊಡೆಯುತ್ತಿದ್ದೆ. ನನ್ನ ಗಾಡಿಯ ಕಮಾನು ಮೇಲಿಂದ ಮೇಲೆ ಕೈಕೊಡುತ್ತಿದ್ದದ್ದರಿಂದ ನನ್ನ ಅರ್ಧ ಆಯುಷ್ಯ ಆ ಬೇವಿನ ಗಿಡದ ಕೆಳಗೇ ಹೋಯಿತು. ಜಿಲಾನಿಸಾಬನನ್ನು ಬಲ್ಲವರು ಬಹಳ ಜನ ಇದ್ದಾರೆ. ಅವನ ಸಲುವಾಗಿ ಸೊಂಟ ಕಳೆದುಕೊಂಡವನು ನಾನೊಬ್ಬನೇ. ಆದ್ದರಿಂದ ಈ ಕತೆ ಹೇಳುವ ಹಕ್ಕು ನನ್ನದು. ನಡುವೆ ಯಾರೂ ಬಾಯಿ ಹಾಕಬಾರದು.

ಜಿಲಾನಿಸಾಬ ತನ್ನ ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹೇಳಿದ್ದ. ಅದನ್ನೂ ಅವನು ಬಾಯಿ ಬಿಟ್ಟು ಹೇಳಲಿಲ್ಲ. ಲಿಂಗಸುಗೂರಿಗೆ ಹೆಣ್ಣು ನೋಡಲು ಹೋದಾಗ ಸಂಬಂಧ ತಂದ ನಡುವಿನವನು, ಹುಡುಗ ಕಾರು ಮಿಸ್ತ್ರಿ ಎಂದುಬಿಟ್ಟ. ಇವನು ತಲೆ ಬಗ್ಗಿಸಿ ಶರಬತ್ತು ಕುಡಿಯುತ್ತ ಸುಮ್ಮನೆ ಕೂತ. ಅಷ್ಟೇ. ಮದುವೆಯಾಗಿ ಮಸ್ಕಿಗೆ ಬಂದ ಹಾಜಿರಾಬೀ ಮೊದಲ ದಿನವೇ ಬಾಗಿಲಲ್ಲಿ ನಿಂತು ಬೇವಿನ ಗಿಡದ ಕಡೆ ನೋಡಿದಳಂತೆ. ಅಲ್ಲಿ ಒಂದು ಟ್ರ್ಯಾಲಿ ಮೂಗು ನೆಲಕ್ಕೆ ಹಚ್ಚಿ ನಿಂತಿತ್ತು. ಮರುದಿನ ಎರಡು ಟ್ರ್ಯಾಲಿ. ಕಾರು ಎಲ್ಲಿಂದ ಬರಬೇಕು? ಆಗ ಮಸ್ಕಿಯಲ್ಲಿ ಕಾರು ಎಂದರೆ ಇಲೆಕ್ಷನ್ನಿನಲ್ಲಿ ಧೂಳೆಬ್ಬಿಸಿ ಹೋಗುವ ವಸ್ತು.

ಆ ಮನೆಯಲ್ಲಿ ಮಾತುಕತೆ ಎಲ್ಲ ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ. ಯಾಕೆಂದರೆ ಉರ್ದುವಿನಲ್ಲಿ ಜಗಳ ಮಾಡಿದರೆ ನೆರೆಹೊರೆಯವರಿಗೆ ತಿಳಿಯುವುದಿಲ್ಲ, ತಿಳಿಯದಿದ್ದ ಮೇಲೆ ಜಗಳ ಮಾಡಿ ಏನು ಬಂತು ಎನ್ನುವುದು ಹಾಜಿರಾಬೀಯ ಲೆಕ್ಕ. ಸಂಜೆ ಅವನು ಮಸಿ ಮೆತ್ತಿಕೊಂಡು ಅಂಗಳಕ್ಕೆ ಕಾಲಿಟ್ಟನೋ ಇಲ್ಲವೋ, ಇಡೀ ಓಣಿಗೆ ಕೇಳುವ ಹಾಗೆ ಆಕೆಯ ದನಿ ಏಳುತ್ತಿತ್ತು.

"ಕಾರ್ ಮಿಸ್ತ್ರಿ ಬಂದ್ರು, ಕೈ ತೊಳಕೊಳ್ಳಾಕ ನೀರು ಕೊಡ್ರಿ."

ನೀರು ಕೊಡುವವರು ಯಾರೂ ಇರುತ್ತಿರಲಿಲ್ಲ. ಅವನೇ ಹಂಡೆಯಿಂದ ತೋಡಿಕೊಳ್ಳುತ್ತಿದ್ದ.

ಇದು ಬರೀ ನಗೆಚಾಟಿಕೆಯಾಗಿದ್ದರೆ ನಾನೂ ಇಷ್ಟು ಹೇಳುತ್ತಿರಲಿಲ್ಲ. ಆ ಸುಳ್ಳಿಗೆ ಹೆದರಿ ಜಿಲಾನಿಸಾಬ ಹೆಂಡತಿಯ ತವರಿನವರನ್ನು ಒಂದು ದಿನವೂ ಮಸ್ಕಿಗೆ ಕರೆದಿರಲಿಲ್ಲ. ಕರೆದರೆ ಟ್ರ್ಯಾಲಿ ಕಾಣುತ್ತದೆ. ಲಿಂಗಸುಗೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಹಾಜಿರಾಬೀಯ ಅಣ್ಣ ಶಾವಲಿ ಬರುತ್ತೇನೆ ಎಂದಾಗ ಇವನ ಮನೆಗೆ ಸುಣ್ಣ ಹಚ್ಚುವುದಿರುತ್ತಿತ್ತು. ತಾಯಿ ಪೀರ್‌ಬೀ ಬರುತ್ತೇನೆ ಎಂದಾಗ ಸುಗ್ಗಿ, ಕೆಲಸದ ಸೀಸನ್. ಸುಗ್ಗಿ ಇಲ್ಲದಾಗ ಮತ್ತೆ ಸುಣ್ಣ. ಮಸ್ಕಿಯಲ್ಲಿ ಅಷ್ಟು ಸುಣ್ಣ ಕಂಡ ಮನೆ ಇನ್ನೊಂದಿರಲಿಲ್ಲ. ಹಬ್ಬಕ್ಕೆ ಹಾಜಿರಾಬೀ ಒಬ್ಬಳೇ ನನ್ನ ಮೆಟಡೋರಿನಲ್ಲಿ ತವರಿಗೆ ಹೋಗಿ ಬರುತ್ತಿದ್ದಳು. ವಾಪಸು ಬರುವಾಗ ಆಕೆ ಕಿಟಕಿ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಒಮ್ಮೆ ಕೇಳಿದ್ದಕ್ಕೆ, ನಮ್ಮ ಅಮ್ಮ ನನ್ನ ಒಲೆ ಸೈತ ನೋಡಿಲ್ಲ ಯಂಕೋಬಣ್ಣ ಎಂದಳು. ನನಗೆ ಆ ಹೊತ್ತು ಜಿಲಾನಿಸಾಬನ ಮೇಲೆ ವಿಪರೀತ ಸಿಟ್ಟು ಬಂತು. ಇಳಿದ ಮೇಲೆ ಅವನಿಗೆ ಬೈದೆ. ಅವನು ಪಾಟಾ ಬಡಿಯುತ್ತಲೇ ಇದ್ದ, ಬಹುಶಃ ಇನ್ನೂ ಜೋರಾಗಿ ಬಡಿದ.

ಎಂಬತ್ತಾರರ ಸುಮಾರಿಗೆ ಕಡೆಗೂ ಕಾರು ಬಂತು. ವಳಕಮದಿನ್ನಿಯ ಗೋಪಣ್ಣ ಅದರ ಮಾಲಕ. ಕಾಲುವೆ ನೀರು ಬಂದ ಮೇಲೆ ಭತ್ತ ಬೆಳೆದು ಮೈತುಂಬಿಕೊಂಡ ಮನುಷ್ಯ. ಹೈದರಾಬಾದಿನಲ್ಲಿ ಯಾರೋ ಹಳೆಯ ಸಾಹೇಬರು ಮಾರಿದ ಹಸಿರು ಬಣ್ಣದ ಲ್ಯಾಂಡ್‌ಮಾಸ್ಟರ್ ಕಾರನ್ನು ತಂದಿದ್ದ. ಕಪ್ಪೆಯ ಹಾಗೆ ಗುಂಡಗೆ, ನೋಡಲು ಭಾರಿ ಚಂದ. ಆದರೆ ಗೋಪಣ್ಣನಿಗೆ ಖಾಲಿ ಗಾಡಿ ಓಡಿಸಿ ರೂಢಿ ಇಲ್ಲ. ಹಿಂದಿನ ಸೀಟು ಕಿತ್ತು ಮನೆಯ ಪಡಸಾಲೆಯಲ್ಲಿ ಹಾಕಿಸಿ, ಆ ಜಾಗದಲ್ಲಿ ಭತ್ತದ ಚೀಲ, ಗೊಬ್ಬರದ ಚೀಲ ಹೇರುತ್ತಿದ್ದ. ಸಾಹೇಬರ ಕಾರು ಎಷ್ಟು ದಿನ ತಡೆದೀತು? ಹಿಂದಿನ ಕಮಾನುಗಳು ಎರಡೂ ಕಡೆ ಮುರಿದು, ಮುದಿ ಎಮ್ಮೆಯ ಹಾಗೆ ನಡುದಾರಿಯಲ್ಲಿ ಕೂತುಬಿಟ್ಟಿತು. ಸಿಂಧನೂರಿನ ಮಿಸ್ತ್ರಿಗಳು ಇದರ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ, ತೂಕಕ್ಕೆ ಹಾಕು ಎಂದರಂತೆ. ಹಟ ಬಿಡದ ಗೋಪಣ್ಣ ಟ್ರ್ಯಾಕ್ಟರಿಗೆ ಕಟ್ಟಿ ಮಸ್ಕಿಗೆ ಎಳೆದು ತಂದ, ಮೂರು ಚೀಲ ಭತ್ತದ ಸಮೇತ. ಅವನ್ನು ಇಳಿಸುವುದು ಅವನಿಗೆ ಹೊಳೆದೇ ಇರಲಿಲ್ಲ.

ಜಿಲಾನಿಸಾಬ ಕಾರಿನ ಸುತ್ತ ತಿರುಗಿದ. ಬಗ್ಗಿ ನೋಡಿದ. ಎದ್ದು ಟೋಪಿ ಸರಿ ಮಾಡಿಕೊಂಡು ಮನೆಯ ಕಡೆ ನೋಡಿದ. ಬಾಗಿಲಲ್ಲಿ ಹಾಜಿರಾಬೀ ಇರಲಿಲ್ಲ. ಕೂಲಿ ಏನು ಎಂದು ಗೋಪಣ್ಣ ಕೇಳಿದರೆ ಇವನಿಗೆ ಕೇಳಿಸಲೇ ಇಲ್ಲ. ನಾನು ತಿವಿದ ಮೇಲೆ ಮಾತಾಡಿದ.

"ಗೋಪಣ್ಣ, ಹಬ್ಬದ ಮರುದಿನ ಒಂದು ದಿನ ಈ ಕಾರು ನನಗ ಕೊಡ್ರಿ. ನಮ್ಮ ಮನ್ಯಾಕಿನ್ನ ತವರಿಗೆ ಕರಕೊಂಡು ಹೋಗಬೇಕು."

ಗೋಪಣ್ಣ ಒಳ್ಳೆಯ ಮನುಷ್ಯ. ಕಾರು ಕೊಡುತ್ತೇನೆ, ಸೀಟೂ ಕಳಿಸುತ್ತೇನೆ, ಭತ್ತವೂ ನಿನಗೇ ಇರಲಿ ಎಂದುಬಿಟ್ಟ. ಕಾಲುವೆ ಕಡೆಯವರು ಕೆಲಸದವರಿಗೆ ಹೀಗೆ ಭತ್ತ ಅಳೆದು ಕೊಡುವುದು ಹೊಸದೇನಲ್ಲ.

ಮರುದಿನ ನನ್ನ ಧಂದೆ ಬಿಡಿಸಿ ಸಿಂಧನೂರಿನ ಗುಜರಿಗೆ ಕರೆದುಕೊಂಡು ಹೋದ. ಗುಜರಿಯ ಕಬ್ಬಿಣದ ಗುಡ್ಡೆ ಹತ್ತಿ ಬಿಸಿಲಲ್ಲಿ ಒಂದೊಂದೇ ಪಾಟಾ ಎತ್ತಿ, ಕಲ್ಲಂಗಡಿ ಕೊಳ್ಳುವವರ ಹಾಗೆ ಬೆರಳಿಂದ ತಟ್ಟಿ, ಕಿವಿ ಹಚ್ಚಿ ಕೇಳಿ, ಬೇಡ ಎಂದು ಒಗೆಯುತ್ತಿದ್ದ. ಒಗೆದದ್ದು ನನ್ನ ಕಾಲ ಹತ್ತಿರವೇ ಬೀಳುತ್ತಿತ್ತು. ಕಡೆಗೆ ಎರಡು ಪಾಟಾ ಯಾವುದೋ ಸರಕಾರಿ ಜೀಪಿನವು, ಎರಡು ಹಳೆಯ ಮೆಟಡೋರಿನವು, ಇನ್ನೆರಡು ಯಾವ ಗಾಡಿಯವೆಂದು ಗುಜರಿಯವನಿಗೂ ಗೊತ್ತಿರಲಿಲ್ಲ. ಅವೆರಡೇ ಎಲ್ಲಕ್ಕಿಂತ ಗಟ್ಟಿ ಎಂದು ಜಿಲಾನಿಸಾಬ ಹಿಗ್ಗಿದ. ಒಂದು ಸ್ಕೂಟರಿನ ಆರಸಿಯನ್ನೂ ಕೊಂಡ. ಕಮಾನಿಗೂ ಆರಸಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಹಾಜಿರಾಬೀ ಮುಖ ನೋಡಿಕೊಳ್ಳಲಿ ಎಂದ. ನಾನು ಹಣೆ ಹಣೆ ಬಡಿದುಕೊಂಡೆ.

ಆಮೇಲೆ ಕುಲುಮೆ ಹೊತ್ತಿತು. ಕಾಸಿದ, ಬಡಿದ, ಉದ್ದ ಇದ್ದದ್ದನ್ನು ಕತ್ತರಿಸಿದ, ಒಂದರ ಮೇಲೊಂದು ಜೋಡಿಸಿ ನಡುವೆ ಬೋಲ್ಟು ಬಿಗಿದ. ಅಲ್ಲಿಯತನಕ ಎಲ್ಲವೂ ಸರಿ ಇತ್ತು. ತಪ್ಪು ನಡೆದದ್ದು ಹದ ನೋಡುವಾಗ. ನಮ್ಮ ಕಡೆಯ ಕಮಾನು ಮಿಸ್ತ್ರಿಗಳು ಖಾಲಿ ಗಾಡಿಗೆ ಕಮಾನು ಹದ ಮಾಡುವುದಿಲ್ಲ. ಟ್ರ್ಯಾಲಿ ಇರುವುದು ಹೇರಲಿಕ್ಕೆ. ಹೇರಿದಾಗ ಅದು ನೆಟ್ಟಗೆ ನಿಂತರೆ ಮಿಸ್ತ್ರಿ ಗೆದ್ದ. ಖಾಲಿ ಇದ್ದಾಗ ಹೇಗಿದ್ದರೆ ಯಾರಿಗೇನು? ಜಿಲಾನಿಸಾಬನ ಅಪ್ಪನೂ ಹಾಗೇ ಮಾಡಿದ್ದ, ಇವನೂ ಹಾಗೇ ಕಲಿತಿದ್ದ. ಕೈ ತನ್ನ ಪಾಡಿಗೆ ತಾನು ಭತ್ತದ ಮೂರು ಚೀಲ ಕಾರಿನ ಹಿಂದೆ ಇಟ್ಟು, ಆ ತೂಕಕ್ಕೆ ಕಮಾನು ಕೂರಿಸಿತು. ಕಾರು ಮೇಜಿನ ಹಾಗೆ ಮಟ್ಟಸ ನಿಂತಿತು. ಚಹಾ ತುಂಬಿದ ಗ್ಲಾಸು ಇಟ್ಟುಕೊಂಡು ಓಡಿಸಿ ನೋಡಿದೆ, ಒಂದು ಹನಿ ತುಳುಕಲಿಲ್ಲ. ಜಿಲಾನಿಸಾಬ ನನ್ನನ್ನು ತಬ್ಬಿಕೊಂಡ. ಅವನ ಮೈಯ ಮಸಿಯೆಲ್ಲ ನನ್ನ ಅಂಗಿಗೆ.

ಆಮೇಲೆ ಚೀಲ ಇಳಿಸಿದೆವು.

ಹಿಂಭಾಗ ನಿಧಾನಕ್ಕೆ ಎದ್ದಿತು. ಎದ್ದೇ ಎದ್ದಿತು. ಕಾರು ಮೂಗು ಕೆಳಗೆ ಮಾಡಿ, ನೆಲದಲ್ಲಿ ಕಳೆದ ಸೂಜಿ ಹುಡುಕುವವರ ಹಾಗೆ ನಿಂತಿತು. ಹಾಗೇ ಬಸ್‌ಸ್ಟ್ಯಾಂಡಿನತನಕ ಹೋಗಿ ಬರೋಣ ಎಂದ. ಹೋದೆವು. ಮೊದಲ ತಗ್ಗಿಗೇ ಜಿಲಾನಿಸಾಬನ ಟೋಪಿ ಕಿಟಕಿಯಿಂದ ಹೊರಗೆ ಹೋಯಿತು. ಎರಡನೆಯದಕ್ಕೆ ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು. ಮೂರನೆಯದಕ್ಕೆ ನನ್ನ ಸೊಂಟದಲ್ಲಿ ಏನೋ ಚಳಕ್ ಎಂದಿತು. ಅದು ಇವತ್ತಿಗೂ ಮೋಡ ಕವಿದಾಗ ನೆನಪು ಮಾಡುತ್ತದೆ. ರಸ್ತೆ ಬದಿಯ ಕುರಿಗಳು ನಮ್ಮನ್ನು ನೋಡಿ ಚೆದರಿದವು. ಅಷ್ಟೊತ್ತಿಗೆ ಹಬ್ಬ ಎದುರಿಗೇ ಇತ್ತು, ಎಲ್ಲ ಬಿಚ್ಚಿ ಮತ್ತೆ ಮಾಡಲು ಹೊತ್ತಿರಲಿಲ್ಲ. ಮೂರೂ ಚೀಲ ಕಾರಿನಲ್ಲೇ ಇರಲಿ, ಯಾರಿಗೂ ಹೇಳಬೇಡ ಎಂದು ಜಿಲಾನಿಸಾಬ ನನ್ನಿಂದ ಮಾತು ತೆಗೆದುಕೊಂಡ.

ರಂಜಾನಿನ ಮರುದಿನ ಕಾರು ಮನೆಯ ಬಾಗಿಲಿಗೆ ಹೋಯಿತು. ನಾನೇ ಡ್ರೈವರ್, ಯಾಕೆಂದರೆ ಕಾರು ಮಿಸ್ತ್ರಿಗೆ ಕಾರು ಹೊಡೆಯಲು ಬರುತ್ತಿರಲಿಲ್ಲ. ಹಾಜಿರಾಬೀ ಮದುವೆಯ ಸೀರೆ ಉಟ್ಟು ಹೊರಗೆ ಬಂದಳು. ಕಾರಿನ ಸುತ್ತ ಒಂದು ಸುತ್ತು ಬಂದಳು, ಗಂಡ ಮಾಡಿದ್ದ ಹಾಗೆಯೇ. ಆರಸಿಯಲ್ಲಿ ಮುಖ ನೋಡಿಕೊಂಡಳು. ಬೈಯಲು ಏನೂ ಸಿಗದೆ ಹತ್ತಿದಳು. ಡಿಕ್ಕಿಯಲ್ಲಿ ಎರಡು ಚೀಲ ಇದ್ದವು. ಮೂರನೆಯದು ಹಿಂದಿನ ಸೀಟಿನ ಮೇಲೆ ಆಕೆಯ ಪಕ್ಕದಲ್ಲಿ, ಮೇಲೊಂದು ಹೊಸ ಚಾದರ ಹೊದ್ದುಕೊಂಡು ಕೂತಿತ್ತು. ಇದೇನು ಎಂದು ಕೇಳಿದಾಗ ಜಿಲಾನಿಸಾಬ ಲಿಂಗಸುಗೂರಿನ ಮಿಲ್ಲಿಗೆ ಎಂದ. ಆಕೆ ಚೀಲವನ್ನೂ ಅವನನ್ನೂ ಒಂದೊಂದು ಸಲ ನೋಡಿದಳು. ದಾರಿಯಲ್ಲಿ ಒಂದಿಬ್ಬರು ಚಾದರ ಹೊದ್ದ ಆ ಚೀಲಕ್ಕೆ ಸಲಾಮು ಮಾಡಿದರು. ಯಾರೋ ಹಿರಿಯರು ಹೊರಟಿದ್ದಾರೆ ಎಂದುಕೊಂಡಿರಬೇಕು.

ಲಿಂಗಸುಗೂರಿನ ಓಣಿಗೆ ಓಣಿಯೇ ಹೊರಗೆ ಬಂತು. ಶಾವಲಿ ಅಂಗಡಿಯ ಗದ್ದಿಗೆಯಿಂದ ಇಳಿದು ಬಂದ. ದೊಡ್ಡ ಮೈಯ ಮನುಷ್ಯ. ಈ ವಾರ ಎಷ್ಟು ಕಾರು ರಿಪೇರಿ ಮಾಡಿದಿರಿ ದುಲೇಭಾಯ್ ಎಂದು ಯಾರದಾದರೂ ಮದುವೆಯಲ್ಲಿ ಸಿಕ್ಕಾಗಲೆಲ್ಲ ನಾಲ್ಕು ಮಂದಿಯ ಎದುರಿಗೆ ತಂಗಿಯ ಗಂಡನನ್ನು ಕೇಳಿ ನಗುವುದು ಅವನ ಚಾಳಿ. ಅವತ್ತು ಬಾಯಿ ತೆಗೆದವನು ಹಾಗೇ ಮುಚ್ಚಿಕೊಂಡ. ನನಗೆ ಒಳಗೊಳಗೇ ಬಹಳ ಖುಷಿಯಾಯಿತು. ಆ ಖುಷಿ ಒಂದು ನಿಮಿಷ ಇತ್ತು. ಅಷ್ಟರಲ್ಲಿ ಶಾವಲಿಯ ಕಣ್ಣು ಚೀಲಗಳ ಮೇಲೆ ಬಿತ್ತು.

ಅದು ಜೋಳದ ಸೀಮೆ. ಅಲ್ಲಿ ಕಾಲುವೆ ಕಡೆಯ ಭತ್ತ ಎಂದರೆ ಹಬ್ಬದ ಮಾತು. ಅಳಿಯ ಮೊದಲ ಸಲ ಕಾರಿನಲ್ಲಿ ಬಂದಿದ್ದಾನೆ, ಕೈ ಬೀಸಿಕೊಂಡು ಬರದೆ ಮೂರು ಚೀಲ ಭತ್ತ ತಂದಿದ್ದಾನೆ! ಜಿಲಾನಿಸಾಬ ಬಾಯಿ ಬಿಡುವಷ್ಟರಲ್ಲಿ ಅಂಗಡಿಯ ಹಮಾಲರು ಬಂದು ಚೀಲಗಳನ್ನು ಬೆನ್ನಿಗೇರಿಸಿದ್ದರು. ಪೀರ್‌ಬೀ ಸೆರಗಿನಿಂದ ಕಣ್ಣೊರೆಸಿಕೊಂಡು ಅಳಿಯನ ತಲೆ ಸವರಿ ನೆಟಿಗೆ ಮುರಿದಳು. ಇನ್ನು ಇವನು ಹೇಳುವುದಾದರೂ ಏನನ್ನು? ಅಮ್ಮಾ, ಅದು ನಿಮಗಲ್ಲ, ಕಾರಿಗೆ ಎನ್ನಲಾಗುತ್ತದೆಯೇ? ಒಂದೊಂದು ಚೀಲ ಇಳಿದಾಗಲೂ ಕಾರಿನ ಹಿಂಭಾಗ ಒಂದಿಷ್ಟು ಮೇಲೇಳುತ್ತಿತ್ತು. ಇದೇನು ದುಲೇಭಾಯ್, ಕಾರು ಎದ್ದು ನಿಲ್ಲುತ್ತಿದೆ ಎಂದು ಶಾವಲಿ ಕೇಳಿದ. ದೊಡ್ಡ ಮಂದಿಯ ಕಾರುಗಳೆಲ್ಲ ಹೀಗೇ, ದಣಿವಾರಿಸಿಕೊಳ್ಳುತ್ತವೆ ಎಂದು ಜಿಲಾನಿಸಾಬ ಹೇಳಿದ. ಶಾವಲಿ ತಲೆಯಾಡಿಸಿದ.

ಊಟಕ್ಕೆ ಕೂತರೆ ಜಿಲಾನಿಸಾಬನಿಗೆ ತುತ್ತು ಇಳಿಯಲಿಲ್ಲ. ಖಾಲಿ ಕಾರಿನಲ್ಲಿ ಆ ದಾರಿಯಲ್ಲಿ ವಾಪಸು ಹೋದರೆ ಓಣಿ ದಾಟುವ ಮೊದಲೇ ಹಾಜಿರಾಬೀಯ ತಲೆ ಕಾರಿನ ಮಾಳಿಗೆಗೆ ಬಡಿಯುತ್ತದೆ, ಇಡೀ ಲಿಂಗಸುಗೂರು ನೋಡುತ್ತದೆ, ಟ್ರ್ಯಾಲಿ ಜಿಲಾನಿ ಮತ್ತೆ ಟ್ರ್ಯಾಲಿ ಜಿಲಾನಿಯೇ ಆಗುತ್ತಾನೆ. ಕಲ್ಲು ಹೇರೋಣ ಎಂದು ನಾನು ಕಿವಿಯಲ್ಲಿ ಹೇಳಿದೆ. ತವರಿಂದ ಕಲ್ಲು ಹೇರಿಕೊಂಡು ಹೋದವರನ್ನು ಎಲ್ಲಾದರೂ ನೋಡಿದ್ದೀಯಾ ಎಂದು ನನ್ನ ಮೇಲೆಯೇ ಹರಿಹಾಯ್ದ. ಅಷ್ಟರಲ್ಲಿ ಶಾವಲಿ ಎದುರಿಗೆ ಬಂದು ಕೂತ. ಅವನು ಕೂತ ಮಂಚ ಕಿರ್ ಎಂದಿತು. ಜಿಲಾನಿಸಾಬ ಅವನನ್ನು ಮೇಲಿಂದ ಕೆಳಗಿನತನಕ ನೋಡಿದ, ಗುಜರಿಯಲ್ಲಿ ಪಾಟಾ ನೋಡಿದ ಹಾಗೆ. ಆಮೇಲೆ ಬಡಿಸುತ್ತಿದ್ದ ಶಾವಲಿಯ ಹೆಂಡತಿ ಮಾಸುಂಬಿಯನ್ನು ನೋಡಿದ. ಆಕೆ ಗಂಡನಿಗೆ ತಕ್ಕ ಹೆಂಡತಿ. ಕಡೆಗೆ ಪೀರ್‌ಬೀಯನ್ನು ನೋಡಿದ. ಆ ಕಾಲಕ್ಕೆ ಆಕೆಯೂ ಒಂದು ಚೀಲಕ್ಕೆ ಕಡಿಮೆ ಇರಲಿಲ್ಲ. ತಟ್ಟೆ ಸರಿಸಿ ಎದ್ದು ನಿಂತ.

"ಅಮ್ಮಾ, ನೀವು ಎಲ್ಲಾರೂ ಈಗ ನಮ್ಮ ಮನಿಗೆ ಬರಬೇಕು. ನಾಕು ದಿನ ಇದ್ದು ಹೋಗಬೇಕು."

ಒಳಗೆ ಹಾಜಿರಾಬೀಯ ಕೈಯಿಂದ ಸೌಟು ಬಿದ್ದದ್ದು ಕೇಳಿಸಿತು. ಪೀರ್‌ಬೀ ಸುಣ್ಣ ಹಚ್ಚುವುದು ಮುಗಿಯಿತೇನಪ್ಪಾ ಎಂದು ಕೇಳಿದಳು. ಆಕೆ ಕುಚೋದ್ಯಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದಳು. ನಾನು ಕಾರು ಒರೆಸುವ ನೆಪ ಮಾಡಿ ಹೊರಗೆ ಹೋದೆ, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಹತ್ತುವಾಗ ಶಾವಲಿ ಮುಂದಿನ ಸೀಟಿಗೆ ಬಂದ. ಜಿಲಾನಿಸಾಬ ಅವನ ರಟ್ಟೆ ಹಿಡಿದು ಹಿಂದಕ್ಕೆ ಕರೆದೊಯ್ದ. ಅತ್ತೆಯನ್ನು ನಟ್ಟನಡುವೆ ಕೂರಿಸಿ, ಆಚೆ ಈಚೆ ಮಗ ಸೊಸೆಯನ್ನು ಕೂರಿಸಿ, ಹಿಂದೆ ಹೋಗಿ ಬಗ್ಗಿ ಕಮಾನು ನೋಡಿದ. ಮಾಸುಂಬಿಯ ಕಡೆ ಸ್ವಲ್ಪ ಮೇಲಿತ್ತು. ಅವಳ ತೊಡೆಯ ಮೇಲೆ ಖೀರಿನ ಪಾತೇಲಿ ಇಡಿಸಿದ. ಸರಿಹೋಯಿತು. ಅಳಿಯನ ಉಪಚಾರ ನೋಡಿ ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಮಸ್ಕಿಯತನಕ ಪಾತೇಲಿಯಿಂದ ಒಂದು ತೊಟ್ಟು ಖೀರು ಚೆಲ್ಲಲಿಲ್ಲ. ಪೀರ್‌ಬೀ ಅರ್ಧ ದಾರಿ ನಿದ್ದೆ ಮಾಡಿದಳು. ಮುಂದೆ ನನ್ನ ಪಕ್ಕದಲ್ಲಿ ಗಂಡ, ಅವನ ಆಚೆ ಹಾಜಿರಾಬೀ. ಈ ಸಲ ಆಕೆ ಕಿಟಕಿ ಕಡೆ ಮುಖ ಮಾಡಿರಲಿಲ್ಲ.

ಮಸ್ಕಿಯಲ್ಲಿ ಪೀರ್‌ಬೀ ಮೊದಲು ಒಲೆಯ ಹತ್ತಿರ ಹೋದಳು. ಅದನ್ನು ಕೈಯಿಂದ ಸವರಿದಳು. ಮಗಳ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿದಳು. ಶಾವಲಿ ಮಾತ್ರ ಹೊರಗೆ ಬೇವಿನ ಗಿಡದ ಕಡೆ ನೋಡುತ್ತ ನಿಂತ. ಅಲ್ಲಿ ಸಂತೆಕಲ್ಲೂರಿನ ಒಂದು ಟ್ರ್ಯಾಲಿ ಕಮಾನು ಕಳಚಿಕೊಂಡು ಬಿದ್ದಿತ್ತು. ಇದು ಯಾರದು ಎಂದು ಕೇಳಿದ. ಜಿಲಾನಿಸಾಬ ಇನ್ನೊಂದು ಸುಳ್ಳು ಹೊಂದಿಸುವಷ್ಟರಲ್ಲಿ ಒಳಗಿಂದ ಹಾಜಿರಾಬೀ ಉತ್ತರ ಕೊಟ್ಟಳು. ಟ್ರ್ಯಾಲಿ ಕೆಲಸವನ್ನೂ ಇವರೇ ಮಾಡುತ್ತಾರೆ, ಸುತ್ತ ಹತ್ತು ಊರಿನಲ್ಲಿ ಇವರ ಕೈಯಂಥ ಕೈ ಇನ್ನೊಂದಿಲ್ಲ ಎಂದಳು. ಜಗಳದ ದನಿಯಲ್ಲೇ ಹೇಳಿದಳು, ಓಣಿಗೆಲ್ಲ ಕೇಳಿಸಿತು.

ಬಂದವರು ವಾರ ಇದ್ದು ನನ್ನ ಮೆಟಡೋರಿನಲ್ಲಿ ವಾಪಸು ಹೋದರು. ಗೋಪಣ್ಣ ಕಾರು ಒಯ್ಯುವ ಮೊದಲು ಕಮಾನು ಸಡಿಲ ಮಾಡಬೇಕೆಂದು ಜಿಲಾನಿಸಾಬ ಅದರ ಕೆಳಗೆ ತೂರಿದ. ಒಂದೊಂದು ಪಾಟಾ ತೆಗೆದರೆ ಖಾಲಿ ಇದ್ದಾಗಲೂ ನೆಟ್ಟಗೆ ಓಡುತ್ತದೆ, ಮುಂದಿನ ಹಬ್ಬಕ್ಕೆ ತಾನು ಹೆಂಡತಿ ಇಬ್ಬರೇ ಆರಾಮಾಗಿ ಹೋಗಿ ಬರಬಹುದು ಎಂದು ಅವನ ಲೆಕ್ಕ. ಆಗ ಹಾಜಿರಾಬೀ ಚಹಾ ಹಿಡಿದುಕೊಂಡು ಕುಲುಮೆಗೆ ಬಂದಳು. ಮದುವೆಯಾದಾಗಿನಿಂದ ಆಕೆ ಅಲ್ಲಿಗೆ ಬಂದದ್ದು ನಾನು ನೋಡಿದ್ದು ಅದೇ ಮೊದಲು. ಕಾರಿನ ಕೆಳಗಿನಿಂದ ಹೊರಗೆ ಚಾಚಿದ್ದ ಎರಡು ಕಾಲುಗಳ ಜೊತೆ ಮಾತಾಡಿದಳು.

"ಕಮಾನಿಗೆ ಕೈ ಹಚ್ಚಬ್ಯಾಡ್ರಿ. ಚೀಲ ಇಳಿಸಿದಾಗ ಕಾರು ಎದ್ದಿದ್ದು ನಾನೂ ನೋಡೀನಿ. ಟ್ರ್ಯಾಲಿ ಮಿಸ್ತ್ರಿ ಹೇಣ್ತಿ ನಾನು, ಹೇರಿದ ಗಾಡಿ ಯಾವುದು, ಖಾಲಿ ಗಾಡಿ ಯಾವುದು ಅಂತ ನನಗ ತಿಳಿಯಂಗಿಲ್ಲೇನು? ಅದು ಹಿಂಗ ಇದ್ರ ನಮ್ಮ ಅಮ್ಮ ಬರ್ತಾಳ."

ಕಾರಿನ ಕೆಳಗೆ, ಬೋಲ್ಟು ಬಿಚ್ಚುವ ಪಾನಾ ನೆಲದ ಮೇಲೆ ಇಟ್ಟ ಸದ್ದಾಯಿತು.

ಆಮೇಲಿನ ವರ್ಷಗಳಲ್ಲಿ ಪ್ರತಿ ರಂಜಾನಿಗೂ ಹೀಗೇ ನಡೆಯಿತು. ಹೋಗುವಾಗ ಭತ್ತ, ಬರುವಾಗ ಪೀರ್‌ಬೀ, ಶಾವಲಿ, ಮಾಸುಂಬಿ. ಇಂಥ ಅಳಿಯ ಯಾರಿಗೆ ಸಿಗುತ್ತಾನೆ ಎಂದು ಲಿಂಗಸುಗೂರಿನಲ್ಲಿ ಅವನ ಹೆಸರು ಮನೆಮಾತಾಯಿತು. ನನ್ನ ಸೊಂಟದ ಹೆಸರನ್ನು ಯಾರೂ ಎತ್ತಲಿಲ್ಲ. ಗೋಪಣ್ಣ ಒಂದು ಟೆಂಪೊ ಕೊಂಡ ಮೇಲೆ ಕಾರಿಗೆ ಭತ್ತ ಹೇರುವ ಕೆಲಸ ತಪ್ಪಿತು. ಅದು ವರ್ಷವೆಲ್ಲ ಅವನ ದನದ ಕೊಟ್ಟಿಗೆಯಲ್ಲಿದ್ದು ಹಬ್ಬಕ್ಕೆ ಮಾತ್ರ ಮಸ್ಕಿಗೆ ಬರುತ್ತಿತ್ತು.

ತೊಂಬತ್ತರ ದಶಕ ಅರ್ಧ ಕಳೆದಾಗ ಪೀರ್‌ಬೀ ತೂಕದಲ್ಲಿ ಇಳಿಯತೊಡಗಿದಳು. ವಯಸ್ಸು, ಮೇಲೆ ಸಕ್ಕರೆ ಕಾಯಿಲೆ. ಒಂದು ವರ್ಷ ಕಾರಿನಲ್ಲಿ ಬರುವಾಗ ತಗ್ಗಿನಲ್ಲಿ ಆಕೆ ಒಂದೆರಡು ಸಲ ಎಗರಿ ಬಿದ್ದು ಅಯ್ಯಾ ಎಂದಳು. ಜಿಲಾನಿಸಾಬ ಹಿಂದಕ್ಕೆ ತಿರುಗಿ ನೋಡಿದ. ಮುಂದಿನ ಹಬ್ಬಕ್ಕೆ ಕಾರು ಬಂದಾಗ ಅವನು ಯಾರಿಗೂ ಹೇಳದೆ ಅದರ ಕೆಳಗೆ ತೂರಿ, ಎರಡೂ ಕಡೆಯಿಂದ ಒಂದೊಂದು ಪಾಟಾ ಬಿಚ್ಚಿ ಬೇವಿನ ಗಿಡಕ್ಕೆ ಒರಗಿಸಿಟ್ಟ. ಗುಜರಿಯವನಿಗೂ ಗುರುತು ಸಿಗದ, ಎಲ್ಲಕ್ಕಿಂತ ಗಟ್ಟಿ ಎಂದು ಹಿಗ್ಗಿದ್ದನಲ್ಲ, ಅವೇ ಎರಡು. ಅವತ್ತು ಅತ್ತೆ ಮತ್ತೆ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಆ ಸಂಜೆ ಹಾಜಿರಾಬೀ ಬಾಗಿಲಲ್ಲಿ ನಿಂತು ಗಿಡಕ್ಕೆ ಒರಗಿಸಿದ ಎರಡು ಪಾಟಾಗಳನ್ನು ಬಹಳ ಹೊತ್ತು ನೋಡುತ್ತಿದ್ದದ್ದನ್ನು ನಾನು ಕಂಡೆ. ಜಿಲಾನಿಸಾಬ ಮಸಿಗೈಯಲ್ಲಿ ಅಂಗಳಕ್ಕೆ ಬಂದ.

"ಕಾರ್ ಮಿಸ್ತ್ರಿ ಬಂದ್ರು," ಎಂದಳು. ದನಿ ಓಣಿಗೆ ಕೇಳುವಷ್ಟು ಇರಲಿಲ್ಲ. ಚೊಂಬಿನಲ್ಲಿ ನೀರು ತುಂಬಿಕೊಂಡು ತಾನೇ ಬಂದು ಅವನ ಕೈಗೆ ಹಾಕಿದಳು.